ಚಪ್ಪರದ ಕಚೇರಿ

ಯುಗಾದಿ ಕಳೆದು ರಾಮನವಮಿ ಹತ್ತಿರವಾದರೆ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಚಪ್ಪರ ಏಳುತ್ತದೆ. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ಅದು. ಎಂ.ಎಸ್. ಸುಬ್ಬುಲಕ್ಷ್ಮಿ, ಚೆಂಬೈ, ಬಾಲಮುರಳಿಕೃಷ್ಣ, ಭೀಮಸೇನ ಜೋಶಿ ಎಲ್ಲ ಇಲ್ಲಿ ಹಾಡಿದವರೇ. ಯಾರು ಯಾವ ವರ್ಷ ಏನು ಹಾಡಿದರು ಎಂದು ಒಪ್ಪಿಸುವ ಹಿರಿಯರೊಬ್ಬರು ಪಕ್ಕದ ಕುರ್ಚಿಯಲ್ಲಿ ಸಿಕ್ಕೇ ಸಿಗುತ್ತಾರೆ. ನನ್ನ ಮೋಹ ಮಾತ್ರ ಆ ಪಟ್ಟಿಯ ಮೇಲಲ್ಲ, ಚಪ್ಪರದ ಮೇಲೆ.

ಹವಾನಿಯಂತ್ರಿತ ಸಭಾಂಗಣದಲ್ಲಿ ಸಂಗೀತ ಅಚ್ಚುಕಟ್ಟಾಗಿ ಕೇಳಿಸುತ್ತದೆ, ನಿಜ. ಆದರೆ ಅಲ್ಲಿ ಡಿಸೆಂಬರಿಗೂ ಏಪ್ರಿಲ್‌ಗೂ ವ್ಯತ್ಯಾಸವೇ ಇಲ್ಲ. ಚಪ್ಪರದಲ್ಲಿ ಕಾಲ ಗೊತ್ತಾಗುತ್ತದೆ. ಹಗಲೆಲ್ಲ ಕಾದ ನೆಲ, ಬೀಸಣಿಗೆ ಮಾಡಿಕೊಂಡ ಕಾರ್ಯಕ್ರಮದ ಹಾಳೆ, ಗಾಯಕರ ಆಲಾಪನೆಯ ನಡುವೆ ನುಗ್ಗುವ ಆಟೋ ಹಾರ್ನು. ಒಳ್ಳೆಯ ಗಾಯಕರು ಆ ಹಾರ್ನಿಗೆ ಮುಖ ಸಿಂಡರಿಸುವುದಿಲ್ಲ, ಸುಮ್ಮನೆ ನಕ್ಕು ಮುಂದಿನ ಸಂಚಾರಕ್ಕೆ ಹೋಗುತ್ತಾರೆ.

ಈ ಸೆಕೆ ವಾದ್ಯಗಳನ್ನೂ ಬಿಡುವುದಿಲ್ಲ. ಮೃದಂಗದ ಎಡಭಾಗಕ್ಕೆ ರವೆ ಕಲಸಿ ಮೆತ್ತಿರುತ್ತಾರಲ್ಲ, ಆ ಗುಮ್ಮೆನ್ನುವ ನಾದ ಅದರದ್ದೇ. ಬಿಸಿಗಾಳಿಗೆ ರವೆ ಒಣಗಿತೋ, ನಾದ ತೆಳ್ಳಗಾಗುತ್ತದೆ. ವಿದ್ವಾಂಸರು ಎರಡು ಕೃತಿಗಳ ಮಧ್ಯೆ ಬೆರಳು ಒದ್ದೆ ಮಾಡಿಕೊಂಡು ಅದನ್ನು ಸವರುತ್ತಾರೆ. ಪಕ್ಕದಲ್ಲಿ ಖಂಜಿರದವರು ಚರ್ಮದ ಒಳಮೈಗೆ ನೀರು ಸವರಿ, ತಟ್ಟಿ, ಕಿವಿಗೊಟ್ಟು, ಮತ್ತೆ ಸವರುತ್ತಾರೆ. ಅಶ್ವಿನಿ ಮಳೆಯೋ ಭರಣಿ ಮಳೆಯೋ ಸಂಜೆ ಧೋ ಎಂದು ಸುರಿದರೆ ಎಲ್ಲ ತಿರುಗುಮುರುಗು. ತೇವಕ್ಕೆ ಚರ್ಮ ಸಡಿಲಿ ಶ್ರುತಿ ಇಳಿಯುತ್ತದೆ, ಮೃದಂಗದ ಅಂಚಿಗೆ ಕಲ್ಲಿನಿಂದ ಟಕಟಕ ಏಟು ಬೀಳುತ್ತದೆ. ಮುಂದಿನ ಸಾಲುಗಳಲ್ಲಿ ಕೂತವರಿಗೆ ಇದೆಲ್ಲ ಕಾಣುತ್ತದೆ. ಕಚೇರಿಯೊಳಗೊಂದು ಮರಿ ಕಚೇರಿ ಎಂದೇ ನಾನು ಇದನ್ನು ನೋಡುವುದು.

ಇನ್ನು ತೋಡಿ ರಾಗ. ರಾಮನವಮಿಯ ಕಚೇರಿಗಳಲ್ಲಿ ತ್ಯಾಗರಾಜರಿಗೆ ಬರವಿಲ್ಲ, ಹಾಗಾಗಿ ತೋಡಿಗೂ ಬರವಿಲ್ಲ. ಅದರ ಗಾಂಧಾರ ನೆಟ್ಟಗೆ ನಿಲ್ಲುವ ಸ್ವರವಲ್ಲ. ರಿಷಭದಿಂದ ಮಧ್ಯಮದವರೆಗೆ ತೂಗುತ್ತಲೇ ಇರಬೇಕು. ಎಷ್ಟು ತೂಗಬೇಕು, ಎಲ್ಲಿ ಬಿಡಬೇಕು ಎಂಬುದರಲ್ಲೇ ಗಾಯಕರ ಪಾಠಾಂತರ ತಿಳಿದುಹೋಗುತ್ತದೆ. ಪಂಚಮವನ್ನು ಬೇಕೆಂದೇ ಬಿಟ್ಟು ಮಧ್ಯಮದಿಂದ ಧೈವತಕ್ಕೆ ಹಾರಿ, ಅಲ್ಲೇ ಸುತ್ತಾಡಿ, ನಾವು ಕಾಯುತ್ತಿದ್ದೇವೆ ಎಂದು ಗೊತ್ತಿದ್ದೂ ಸತಾಯಿಸಿ, ಕೊನೆಗೆ ಪಂಚಮಕ್ಕೆ ಬಂದು ಕೂತಾಗ ಚಪ್ಪರದಲ್ಲಿ ಒಟ್ಟಿಗೆ ‘ಭಲೇ’ ಏಳುತ್ತದೆ. ಪಿಟೀಲಿನವರು ಅದೇ ದಾರಿಯಲ್ಲಿ ಹೋಗಿ ಒಂದು ತಿರುವಿನಲ್ಲಿ ಬೇರೆಯದನ್ನೇ ನುಡಿಸಿದರಂತೂ ಗಾಯಕರೇ ತಲೆದೂಗುತ್ತಾರೆ. ಈಗೀಗ ಕೆಲವರು ಆಲಾಪನೆ ಚುಟುಕಾಗಿಸಿ ಬೇಗ ಬೇಗ ಕೃತಿಗಳನ್ನು ಪೋಣಿಸುತ್ತಾರೆ. ನನಗದು ಸೇರದು. ಬೇಸಿಗೆಯ ಸಂಜೆ ಉದ್ದಕ್ಕಿರುವಾಗ ಆತುರವೇಕೆ?

ಕೃತಿ, ನೆರವಲ್, ಸ್ವರ ಮುಗಿದು ಗಾಯಕರು ತನಿ ಆವರ್ತನಕ್ಕೆಂದು ಮೃದಂಗದ ಕಡೆ ಕೈ ತೋರಿದರೋ, ಅರ್ಧ ಚಪ್ಪರ ಕಾಫಿಗೆ ಏಳುತ್ತದೆ. ಇದೊಂದನ್ನು ನನಗೆ ಸಹಿಸಲಾಗದು. ಎರಡು ಗಂಟೆ ಇನ್ನೊಬ್ಬರಿಗೆ ಒದಗಿ ನುಡಿಸಿದವರು ತಮ್ಮ ಮಾತು ಆಡುವುದು ಈಗಷ್ಟೇ. ಮೃದಂಗ ಹೇಳಿದ್ದನ್ನು ಖಂಜಿರ ಒಂದೇ ಕೈಯಲ್ಲಿ ತಿರುಗಿಸಿ ಹೇಳುತ್ತದೆ, ಅವಧಿ ಚಿಕ್ಕದಾಗುತ್ತ ಹೋಗಿ ಇಬ್ಬರೂ ಕೂಡುತ್ತಾರೆ. ಮುಕ್ತಾಯದ ಕೊರ್ವೆ ಮೂರು ಸಲ ಬಂದು, ಪಲ್ಲವಿ ಎತ್ತಿಕೊಳ್ಳುವ ಜಾಗವಾದ ಎಡುಪ್ಪಿಗೆ ಸರಿಯಾಗಿ ಬೀಳುವ ಹೊತ್ತಿಗೆ, ಬೇಲಿಯ ಆಚೆ ಸ್ಕೂಟರಿನ ಮೇಲೆ ಕೂತೇ ಕೇಳುವವರ ಕೈಯೂ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ.

ಈ ಸಲ ಹೋದರೆ ಮೃದಂಗ ಚೆನ್ನಾಗಿ ಕಾಣುವ ಕಡೆ ಕೂತುಕೊಳ್ಳಿ. ಕಾಫಿಯನ್ನು ಮೊದಲೇ ಕುಡಿದುಬಿಡಿ. ತನಿಗೆ ಮಾತ್ರ ದಯವಿಟ್ಟು ಏಳಬೇಡಿ.