ಹಸನ್ ಫತಿಯವರ ಗೂರ್ನಾ: ಒಂದು ವಿಮರ್ಶೆ

ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತಿಯವರು ಹೊಸ ಗೂರ್ನಾ ಗ್ರಾಮದ ನಿರ್ಮಾಣವನ್ನು ಕುರಿತು ಬರೆದ ಗ್ರಂಥವು ೧೯೬೯ರಲ್ಲಿ ಕೈರೋದಲ್ಲಿಯೂ, ೧೯೭೩ರಲ್ಲಿ ‘ಬಡವರಿಗಾಗಿ ವಾಸ್ತುಶಿಲ್ಪ’ ಎಂಬರ್ಥದ ಹೆಸರಿನಿಂದ ಷಿಕಾಗೋದಲ್ಲಿಯೂ ಪ್ರಕಟವಾಯಿತು. ಪ್ರಕೃತಿಗೆ ಹೊರೆಯಾಗದ ಕಟ್ಟಡಗಳನ್ನು ಕುರಿತ ಚರ್ಚೆಯಲ್ಲಿ ಅದಕ್ಕೆ ಇಂದು ಪ್ರಮಾಣಗ್ರಂಥದ ಗೌರವವಿದೆ. ಇತಿಹಾಸದ ಅಭ್ಯಾಸಿಗಳಾದ ನಾವಾದರೋ ಅದನ್ನು ವ್ಯಾಜ್ಯದಲ್ಲಿ ಒಂದು ಪಕ್ಷದವರು ಕೊಟ್ಟ ಹೇಳಿಕೆಯೆಂದು ಓದಬೇಕಾಗಿದೆ.

ಗ್ರಂಥದ ಅತ್ಯುತ್ತಮ ಭಾಗವೆಂದರೆ ಹಸಿ ಇಟ್ಟಿಗೆಯ ವಿಚಾರ. ಯುದ್ಧಕಾಲದಲ್ಲಿ ಮರವೂ ಉಕ್ಕೂ ದುರ್ಲಭವಾಗಿದ್ದಾಗ ಫತಿಯವರು ಮಣ್ಣಿನ ಇಟ್ಟಿಗೆಯಿಂದಲೇ ಚಾವಣಿ ಕಟ್ಟಿಸಲು ಹೋದರು, ಅದು ಕುಸಿಯಿತು. ಆಸ್ವಾನಿನ ಕಡೆಯ ನೂಬಿಯಾದ ಗಾರೆಯವರಿಗೆ ಅದರ ಮರ್ಮ ತಿಳಿದಿತ್ತು. ಕಮಾನಿನ ಸಾಲುಗಳನ್ನು ಹಿಂಬದಿಯ ಗೋಡೆಗೆ ವಾಲಿಸಿ ಕಟ್ಟುತ್ತ ಬಂದರೆ ಪ್ರತಿಯೊಂದು ಸಾಲೂ ಹಿಂದಿನದಕ್ಕೆ ಒರಗಿ ನಿಲ್ಲುತ್ತದೆ. ಕೆಳಗೆ ಮರದ ಆಧಾರವೇ ಬೇಡ. ಹುಲ್ಲನ್ನು ಹೆಚ್ಚಾಗಿ ಬೆರೆಸಿ ಇಟ್ಟಿಗೆಯನ್ನು ಹಗುರಮಾಡುತ್ತಿದ್ದರು. ವಿದ್ಯಾವಂತ ವಾಸ್ತುಶಿಲ್ಪಿಯೊಬ್ಬ ಗಾರೆಯವರ ಶಿಷ್ಯನಾದ ಈ ಪುಟಗಳಿಗಾಗಿಯೇ ಗ್ರಂಥವು ಬಾಳತಕ್ಕದ್ದು.

ಆದರೆ ಗೂರ್ನಾದ ಪ್ರಶ್ನೆ ಬರಿಯ ಇಟ್ಟಿಗೆಯದಾಗಿರಲಿಲ್ಲ. ಹಳೆಯ ಗೂರ್ನಾದ ಮನೆಗಳು ಲಕ್ಸಾರಿನ ಎದುರುದಡದ ಗುಡ್ಡದಲ್ಲಿ, ಪ್ರಾಚೀನ ಸಮಾಧಿಗಳ ಮೇಲೆಯೇ ಇದ್ದವು. ಸಮಾಧಿಗಳ ಕಳವನ್ನು ತಡೆಯಲು ಪ್ರಾಚ್ಯವಸ್ತು ಇಲಾಖೆಯು ಸುಮಾರು ೭,೦೦೦ ಜನರನ್ನು ಅಲ್ಲಿಂದ ಎಬ್ಬಿಸಬಯಸಿ, ೧೯೪೫ರಲ್ಲಿ ಹೊಸ ಊರಿನ ಕೆಲಸವನ್ನು ಫತಿಯವರಿಗೆ ಒಪ್ಪಿಸಿತು. ಜನ ಒಪ್ಪಲಿಲ್ಲ, ೧೯೪೮ರ ಹೊತ್ತಿಗೆ ಕೆಲಸ ನಿಂತಿತು. ಇದಕ್ಕಾಗಿ ಫತಿಯವರು ಅಧಿಕಾರಿಗಳನ್ನೂ ಗ್ರಾಮಸ್ಥರನ್ನೂ ದೂರುತ್ತಾರೆ. ಮೊದಲನೆಯ ದೂರು ನ್ಯಾಯವೇ ಇರಬಹುದು. ಗ್ರಾಮಸ್ಥರಿಗಾದರೋ ಆ ಗುಡ್ಡವೇ ಜೀವನೋಪಾಯ: ಉತ್ಖನನದ ಕೂಲಿ, ಪ್ರವಾಸಿಗರೊಡನೆ ವ್ಯಾಪಾರ, ಗುಟ್ಟಿನ ಮಾರಾಟ. ಹೊಸ ಊರಿನಲ್ಲಿ ಕಸುಬುಗಳನ್ನು ಕಲಿಸುವ ಏರ್ಪಾಡನ್ನು ಫತಿಯವರು ಯೋಚಿಸಿದ್ದುದು ನಿಜ. ಆದರೂ ಈ ಜನ ಏಳಬೇಕೆ ಎಂಬುದನ್ನು ಇಲಾಖೆ ಮೊದಲೇ ತೀರ್ಮಾನಿಸಿತ್ತು. ವಾಸ್ತುಶಿಲ್ಪಿಯು ಆ ತೀರ್ಮಾನದೊಳಗೇ ಕೆಲಸ ಮಾಡಿದರು. ಮನೆಯಲ್ಲಿ ಬಾಳುವವರು ಒಬ್ಬರು, ಕಟ್ಟಿಸುವವರು ಮತ್ತೊಬ್ಬರಾದಾಗ ವಾಸ್ತುಶಿಲ್ಪಿಯ ಋಣ ಯಾರಿಗೆ? ಗ್ರಂಥದಲ್ಲಿ ಇದಕ್ಕೆ ತೃಪ್ತಿಕರವಾದ ಉತ್ತರ ನಮಗೆ ದೊರೆಯಲಿಲ್ಲ. ಗ್ರಾಮಸ್ಥರ ಮಾತೂ ಅಲ್ಲಿ ಬಹುಮಟ್ಟಿಗೆ ಫತಿಯವರ ಲೇಖನಿಯಿಂದಲೇ ಬರುತ್ತದೆ. ಮಣ್ಣಿನ ಮಿತವ್ಯಯವನ್ನು ಮಾತ್ರ ಅಳೆದು ಇದನ್ನು ಆದರ್ಶಗ್ರಾಮವೆಂದು ಕೊಂಡಾಡುವವರು ಈ ಕೊರತೆಯನ್ನು ಗಮನಿಸಿದಂತೆ ತೋರುವುದಿಲ್ಲ.

ಮುಂದೆ ಹೊಸ ಗೂರ್ನಾದ ಅನೇಕ ಮನೆಗಳು ಹೋಗಿ ಕಾಂಕ್ರೀಟಿನವು ಬಂದವು, ಮಸೀದಿ ಉಳಿದಿದೆ. ಹಳೆಯ ಗೂರ್ನಾವನ್ನು ಸರ್ಕಾರವು ಕೆಡವತೊಡಗಿದ್ದು ೨೦೦೬ರ ಕೊನೆಯಲ್ಲಿ. ಆ ೬೦ ವರ್ಷಗಳೂ ಅಲ್ಲಿಯ ಬಹುಮಂದಿ ಗುಡ್ಡವನ್ನು ಬಿಟ್ಟಿರಲಿಲ್ಲ.