ಚಾಪೆ ಹಾಸಲು ಏಳಲಾರದವರು

ಖಿನ್ನತೆಗೆ ಸಿಕ್ಕವರ ಜೊತೆ ಒಂದೇ ಮನೆಯಲ್ಲಿ ಇದ್ದವರಿಗೆ ಗೊತ್ತು, ಅವರ ಅಳುವಿಗಿಂತ ಹೆಚ್ಚು ಕಂಗೆಡಿಸುವುದು ಅವರು ಏಳದೇ ಇರುವುದು. ತಲೆ ಬಾಚಿಕೊಳ್ಳಲು, ತಟ್ಟೆಯ ಮುಂದೆ ಕೂರಲು, ಫೋನ್ ಮಾಡಿದವರಿಗೆ ತಿರುಗಿ ಮಾಡಲು ಕೂಡ ‘ಮನಸ್ಸೇ ಬರುತ್ತಿಲ್ಲ’. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಯೋಗ ಮತ್ತು ಖಿನ್ನತೆಯ ಬಗ್ಗೆ 2013ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ’ಯಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳನ್ನು ಓದುವಾಗ ನಾನು ಹುಡುಕುತ್ತಿದ್ದದ್ದು ಇವರನ್ನೇ.

ಆ ಅಧ್ಯಯನಗಳ ಹಿಂದೆ ಒಂದು ಸಿದ್ಧಾಂತವಿದೆ. ಒತ್ತಡ ಎದುರಾದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತದೆ. ಇನ್ನು ಸಾಕು ಎಂದು ಅದನ್ನು ತಡೆಯುವ ಕೇಂದ್ರಗಳಲ್ಲಿ ಮಿದುಳಿನ ಹಿಪೋಕ್ಯಾಂಪಸ್ ಒಂದು. ಒತ್ತಡ ತಿಂಗಳುಗಟ್ಟಲೆ ಎಳೆದರೆ ಅಲ್ಲಿನ ನರಕೋಶಗಳ ಕವಲುಗಳೇ ಮುದುಡುತ್ತವೆ, ತಡೆ ಸಡಿಲವಾಗುತ್ತದೆ, ಕಾರ್ಟಿಸಾಲ್ ಇನ್ನಷ್ಟು ಹರಿಯುತ್ತದೆ. ಆ ಕವಲುಗಳನ್ನು ಪೋಷಿಸುವ ಪ್ರೋಟೀನೇ ಬಿಡಿಎನ್‌ಎಫ್. 1982ರಲ್ಲಿ ಬಾರ್ಡ್, ಥೋನೆನ್ ಮತ್ತು ಸಂಗಡಿಗರು ಇದನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿದರು. ಒತ್ತಡ ಈ ಪ್ರೋಟೀನನ್ನು ಬತ್ತಿಸುತ್ತದೆ, ಖಿನ್ನತೆಯ ಔಷಧಗಳು ಅದನ್ನು ಮತ್ತೆ ತುಂಬುತ್ತವೆ ಎಂಬ ವಾದವನ್ನು ಡುಮನ್, ಹೆನಿಂಜರ್, ನೆಸ್ಲರ್ 1997ರಲ್ಲಿ ಮುಂದಿಟ್ಟರು.

ನಿಮ್ಹಾನ್ಸ್ ತಂಡ ಕೇಳಿದ್ದು ನೇರವಾದ ಪ್ರಶ್ನೆ: ಯೋಗವೂ ಇದನ್ನೇ ಮಾಡುತ್ತದೆಯೇ? ಯೋಗ ಮಾತ್ರ, ಔಷಧ ಮಾತ್ರ, ಎರಡೂ ಎಂದು ಮೂರು ಗುಂಪು. ಮೂರು ತಿಂಗಳ ಬಳಿಕ ಮೂರರಲ್ಲೂ ಖಿನ್ನತೆಯ ಅಂಕ ಇಳಿದಿತ್ತು, ಎಲ್ಲರನ್ನೂ ಒಟ್ಟಾಗಿ ನೋಡಿದಾಗ ರಕ್ತದಲ್ಲಿ ಬಿಡಿಎನ್‌ಎಫ್ ಏರಿತ್ತು. ಅಂಕದ ಇಳಿಕೆಯಲ್ಲಿ ಯೋಗದ ಗುಂಪುಗಳೇ ಮುಂದಿದ್ದವು. ಯೋಗ ಮಾತ್ರ ಮಾಡಿದವರಲ್ಲಿ ಆ ಇಳಿಕೆಗೂ ಬಿಡಿಎನ್‌ಎಫ್ ಏರಿಕೆಗೂ ನಂಟು ಕಂಡಿತು. ಎರಡನೆಯ ಅಧ್ಯಯನದಲ್ಲಿ ಅಂಥದೇ ನಂಟು ಕಾರ್ಟಿಸಾಲ್ ಇಳಿಕೆಯೊಂದಿಗೂ ಕಾಣಿಸಿತು.

ಈ ಕೆಲಸಕ್ಕೆ ಬೆಲೆಯಿದೆ. ಯೋಗದ ಬಗ್ಗೆ ನಮ್ಮಲ್ಲಿ ಭಾಷಣಗಳಿಗೆ ಬರವಿಲ್ಲ. ಅದನ್ನು ಔಷಧದ ಪಕ್ಕದಲ್ಲಿ ನಿಲ್ಲಿಸಿ, ರಕ್ತ ತೆಗೆದು ಅಳೆದು ನೋಡುವ ತಾಳ್ಮೆ ಅಪರೂಪದ್ದು. ಆದರೂ ಒಂದು ಕಡೆ ನನ್ನ ಓದು ನಿಂತುಬಿಟ್ಟಿತು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ಆತ್ಮಹತ್ಯೆಯ ಅಪಾಯವಿಲ್ಲದ ಹೊರರೋಗಿಗಳು ತಾವೇ ಆರಿಸಿಕೊಂಡಿದ್ದರು. ಲೇಖಕರು ಇದನ್ನು ಮುಚ್ಚಿಟ್ಟಿಲ್ಲ, ಬಿಚ್ಚಿಯೇ ಹೇಳಿದ್ದಾರೆ. ಆದರೆ ಖಿನ್ನತೆಯ ಮಟ್ಟಿಗೆ ಇದು ಬರಿಯ ವಿಧಾನದ ಕೊರತೆಯಲ್ಲ. ಈ ಕಾಯಿಲೆ ಮೊದಲು ಕಸಿಯುವುದೇ ಹುರುಪನ್ನು. ‘ನಾನು ಯೋಗ ಮಾಡುತ್ತೇನೆ’ ಎಂದು ಆರಿಸಿಕೊಂಡು, ಎದ್ದು, ಚಾಪೆ ಹಾಸಿ, ಮೂರು ತಿಂಗಳು ನಡೆಸಿದವರಲ್ಲಿ ಅದು ಆರಂಭದಲ್ಲೇ ಅಷ್ಟಿಷ್ಟು ಉಳಿದಿತ್ತಲ್ಲವೇ? ಹಾಗಾದರೆ ಅವರ ಚೇತರಿಕೆಯಲ್ಲಿ ಯೋಗದ ಪಾಲೆಷ್ಟು, ಉಳಿದಿದ್ದ ಹುರುಪಿನ ಪಾಲೆಷ್ಟು? ಈ ಲೆಕ್ಕವನ್ನು ಆ ಅಂಕಿಗಳಿಂದ ಬಿಡಿಸಲಾಗದು.

ರಕ್ತದ ಬಿಡಿಎನ್‌ಎಫ್ ಬಗ್ಗೆಯೂ ಎಚ್ಚರ ಬೇಕು. ಸೀರಮ್‌ನಲ್ಲಿ ಸಿಗುವ ಈ ಪ್ರೋಟೀನ್ ಬಹುಪಾಲು ಪ್ಲೇಟ್‌ಲೆಟ್‌ಗಳಿಂದ, ರಕ್ತ ಹೆಪ್ಪುಗಟ್ಟುವಾಗ ಹೊರಬಂದದ್ದು. ಹಿಪೋಕ್ಯಾಂಪಸ್‌ನಲ್ಲಿ ಏನು ನಡೆಯಿತೆಂಬುದಕ್ಕೆ ಅದು ದೂರದ ಸಾಕ್ಷಿ. ಕಾರ್ಟಿಸಾಲ್ ಅಂತೂ ಬೆಳಗಿನಿಂದ ರಾತ್ರಿಗೆ ತಾನಾಗಿಯೇ ಬದಲಾಗುತ್ತಿರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಬಿಡಿಎನ್‌ಎಫ್ ಹೆಚ್ಚಿದರೆ ಒಳ್ಳೆಯದೇ ಎಂಬ ನಂಬಿಕೆಯಲ್ಲಿದೆ. ಅದನ್ನು ಅಲುಗಿಸಿದ್ದು 1997ರ ಸಿದ್ಧಾಂತ ಕಟ್ಟಿದವರಲ್ಲೊಬ್ಬರಾದ ನೆಸ್ಲರ್ ಅವರ ಪ್ರಯೋಗಾಲಯವೇ. 2006ರಲ್ಲಿ ‘ಸೈನ್ಸ್’ನಲ್ಲಿ ಬಂದ ಬರ್ಟನ್ ಮತ್ತಿತರರ ಪ್ರಯೋಗದಲ್ಲಿ ಚಿಕ್ಕ ಇಲಿಯನ್ನು ಹತ್ತು ದಿನ ಜಗಳಗಂಟ ಇಲಿಗಳ ಎದುರು ಬಿಟ್ಟರು. ಆಮೇಲೆ ಅದು ವಾರಗಟ್ಟಲೆ ಬೇರೆ ಇಲಿಗಳ ಹತ್ತಿರ ಸುಳಿಯಲಿಲ್ಲ. ಆದರೆ ಆಸೆ, ಬಯಕೆಗಳನ್ನು ನಡೆಸುವ ಡೋಪಮಿನ್ ಮಾರ್ಗದ ಮೂಲದಲ್ಲಿ ಬಿಡಿಎನ್‌ಎಫ್ ಇಲ್ಲದಂತೆ ಮಾಡಿದಾಗ ಆ ಹಿಂಜರಿಕೆ ಬೆಳೆಯಲೇ ಇಲ್ಲ. ಹಿಪೋಕ್ಯಾಂಪಸ್‌ನಲ್ಲಿ ಕವಲು ಪೋಷಿಸುವ ಪ್ರೋಟೀನೇ ಆ ದಾರಿಯಲ್ಲಿ ಸೋಲನ್ನು ಗಟ್ಟಿಯಾಗಿ ಕಲಿಸಿತ್ತು. ಬೆಳವಣಿಗೆ ಎಂದರೆ ಭಯದ ಬೇರುಗಳ ಬೆಳವಣಿಗೆಯೂ ಹೌದು. ರಕ್ತದ ಒಂದು ಅಂಕಿ ಈ ಎರಡರಲ್ಲಿ ಯಾವುದು ಎಂದು ಹೇಳಲಾರದು.

ಅಳತೆಗೋಲನ್ನೂ ನೋಡಬೇಕು. ಖಿನ್ನತೆಯನ್ನು ಅಳೆದದ್ದು ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ರೂಪಿಸಿದ ಮಾಪಕದಿಂದ. ಸಾಮಾನ್ಯವಾಗಿ ಬಳಸುವ 17 ಅಂಶಗಳ ಆವೃತ್ತಿಯಲ್ಲಿ ಒಟ್ಟು 52 ಅಂಕ. ನಿದ್ದೆಗೆಟ್ಟದ್ದಕ್ಕೆ ಮೂರು ಅಂಶಗಳು ಸೇರಿ 6 ಅಂಕ. ಕೆಲಸ ಮತ್ತು ಆಸಕ್ತಿಗೆ ಒಂದೇ ಅಂಶ, 4 ಅಂಕ. ನಿದ್ದೆ ಸುಧಾರಿಸಿ, ಆತಂಕ ಇಳಿದರೆ ಒಟ್ಟು ಅಂಕ ಸಾಕಷ್ಟು ಇಳಿಯುತ್ತದೆ. ನಿದ್ದೆಯಿಂದ ಎದ್ದವರು ಹಾಸಿಗೆ ಬಿಟ್ಟರೇ ಎಂಬುದು ಆ ಮೊತ್ತದಲ್ಲಿ ಕಾಣುವುದಿಲ್ಲ.

ನಾನು ಈ ಲೆಕ್ಕಕ್ಕೆ ಜೋತುಬಿದ್ದಿರುವುದಕ್ಕೆ ಕಾರಣವಿದೆ. ‘ಯೋಗ ಮಾಡು, ಎಲ್ಲ ಸರಿಹೋಗುತ್ತದೆ’ ಎಂಬ ಮಾತು ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ ಮಗಳ ಕಿವಿಗೆ ಬೈಗುಳವಾಗಿ ಕೇಳಿಸುತ್ತದೆ. ಅಧ್ಯಯನ ಮಾಡಿದವರು ಹಾಗೆ ಹೇಳಲಿಲ್ಲ, ಆದರೆ ಅವರ ಅಂಕಿಗಳು ಮನೆಗಳನ್ನು ತಲುಪುವಾಗ ಆ ರೂಪ ತಾಳುತ್ತವೆ. ಮುಂದೆ ಇಂಥ ಅಧ್ಯಯನ ಮಾಡುವವರು ಕೆಲಸ ಮತ್ತು ಆಸಕ್ತಿಯ ಆ ನಾಲ್ಕು ಅಂಕಗಳನ್ನು ಬೇರೆಯಾಗಿ ತೋರಿಸಲಿ. ಮೊದಲ ವಾರ ಬಂದು ಎರಡನೆಯ ವಾರ ಬಾರದೇ ಹೋದವರ ಮನೆಗೂ ಒಮ್ಮೆ ಹೋಗಿ, ಬರಲು ಏನು ಅಡ್ಡವಾಯಿತೆಂದು ಕೇಳಿ ಬರೆದುಕೊಳ್ಳಲಿ.