ವಿಳಾಸದ ಅಕ್ಷರಕ್ಕೆ ಅಂಕವಿಲ್ಲ

ಅಂಚೆಚೀಟಿ ಸಂಗ್ರಾಹಕರ ಅಂತರರಾಷ್ಟ್ರೀಯ ಒಕ್ಕೂಟ ಪ್ರದರ್ಶನಗಳಿಗೆಂದು ಬಹುಕಾಲದಿಂದ ಪಾಲಿಸಿಕೊಂಡು ಬಂದ ಅಂಕಪಟ್ಟಿಯೊಂದಿದೆ. ಸಂಗ್ರಹದ ನಿರೂಪಣೆ ಮತ್ತು ಮಹತ್ವಕ್ಕೆ 30, ತಿಳಿವಳಿಕೆ ಮತ್ತು ಸಂಶೋಧನೆಗೆ 35, ವಸ್ತುವಿನ ಸ್ಥಿತಿ ಮತ್ತು ವಿರಳತೆಗೆ 30, ಜೋಡಿಸಿಟ್ಟ ಅಂದಕ್ಕೆ 5. ಅಲ್ಲಿಗೆ ನೂರು ಮುಗಿಯಿತು. ಲಕೋಟೆಯ ಮೇಲೆ ಯಾರೋ ಮಸಿಯಲ್ಲಿ ಲೇಖನಿ ಅದ್ದಿ, ಉಸಿರು ಬಿಗಿಹಿಡಿದು ಬರೆದ ವಿಳಾಸಕ್ಕೆ ಈ ನೂರರಲ್ಲಿ ತನ್ನದೇ ಎನ್ನುವ ಜಾಗವಿಲ್ಲ. ಅಂಟಿಸಿದ ಚೀಟಿಯ ದರ ಸರಿಯೇ, ಮುದ್ರೆ ಸ್ಪಷ್ಟವಾಗಿ ಬಿದ್ದಿದೆಯೇ, ಕಾಗದ ಯಾವ ದಾರಿಯಲ್ಲಿ ಸಾಗಿತು ಎಂಬುದನ್ನೆಲ್ಲ ತೀರ್ಪುಗಾರರು ಶ್ರದ್ಧೆಯಿಂದ ನೋಡುತ್ತಾರೆ. ಬರೆದ ಕೈ ಎಂಥದು ಎಂದು ಕೇಳುವ ಕಲಮೇ ಇಲ್ಲ. ಹಳೆಯ ಲಕೋಟೆಗಳನ್ನು ಅವುಗಳ ಮೇಲಿನ ಚೆಂದದ ಕೈಬರಹಕ್ಕಾಗಿ ಕೂಡಿಡುವವರು ಹಾಗಾಗಿ ಈ ಹವ್ಯಾಸದ ಜಗಲಿಯಲ್ಲೇ ಉಳಿದಿದ್ದಾರೆ, ಒಳಮನೆಗೆ ಅವರನ್ನು ಕರೆದವರಿಲ್ಲ. ಈ ಹವ್ಯಾಸದಲ್ಲಿ ನಿಜಕ್ಕೂ ಬೆಲೆಬಾಳುವ ಕೆಲಸ ಮಾಡುತ್ತಿರುವವರು ಅವರೇ ಎಂದು ನಾನು ನಂಬಿದ್ದೇನೆ. ಅವರಲ್ಲೂ ಕೆಲವರು ಮಾಡುತ್ತಿರುವ ಹಾನಿಯನ್ನು ಮುಂದೆ ಹೇಳುತ್ತೇನೆ.

ನಮ್ಮಲ್ಲಿ ಹೆಚ್ಚಿನವರು ಅಂಚೆಚೀಟಿಯ ಹುಚ್ಚು ಹತ್ತಿಸಿಕೊಂಡದ್ದು ನೀರಿನ ಬಟ್ಟಲಿನ ಮುಂದೆ. ಲಕೋಟೆಯ ಮೂಲೆ ಕತ್ತರಿಸಬೇಕು, ನೆನೆಹಾಕಬೇಕು, ಅಂಟು ಬಿಟ್ಟ ಮೇಲೆ ಹಳೆಯ ಪತ್ರಿಕೆಯ ಹಾಳೆಯಲ್ಲಿ ಮಗುಚಿ ಒಣಗಿಸಬೇಕು, ಚಿಮುಟದಿಂದ ಎತ್ತಿ ಆಲ್ಬಮ್ಮಿಗೆ ಸೇರಿಸಬೇಕು. ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಿದ್ದೂ ಇದನ್ನೇ. ಚೀಟಿ ಉಳಿಯಿತು, ಮುದ್ರೆಯ ಒಂದು ತುಣುಕು ಉಳಿಯಿತು. ಹೆಸರು, ಬೀದಿ, ಊರು, ಅಕ್ಷರ ಎಲ್ಲವೂ ಕಸದ ಬುಟ್ಟಿ ಸೇರಿದವು. ತಲೆಮಾರುಗಳ ಕಾಲ ಮನೆಮನೆಯಲ್ಲಿ ನಡೆದ ಈ ಕತ್ತರಿ ಕೆಲಸದಿಂದ ಕನ್ನಡದ ಕೈಬರಹದ ಎಷ್ಟು ದೊಡ್ಡ ಭಂಡಾರ ಹೋಯಿತು ಎಂಬುದನ್ನು ಲೆಕ್ಕ ಹಾಕುವ ದಾರಿಯೂ ಈಗಿಲ್ಲ.

ಲೇಖನಿ ತಗುಲಿದ ಚೀಟಿಯನ್ನು ಕಂಡರಂತೂ ಸಂಗ್ರಾಹಕರಿಗೆ ಅಸಡ್ಡೆ. ಏಳನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ, 1906ರಲ್ಲಿ, ಅರ್ಧಾಣೆ ಮತ್ತು ಒಂದಾಣೆಯ ಚೀಟಿಗಳ ಮೇಲೆ ಅಂಚೆ ಮತ್ತು ಕಂದಾಯ ಎರಡಕ್ಕೂ ಸಲ್ಲುತ್ತದೆಂಬ ಮಾತು ಅಚ್ಚಾಯಿತು. ಒಂದೇ ಚೀಟಿ ಕಾಗದಕ್ಕೂ ಆಯಿತು, ಹಣ ಮುಟ್ಟಿದ ರಸೀದಿಗೂ ಆಯಿತು. ಬಾಡಿಗೆ, ಸಂಬಳ, ಬಡ್ಡಿ ಯಾವುದೇ ಇರಲಿ, ಚೀಟಿ ಅಂಟಿಸಿ ಅದರ ಮೇಲೆ ಹಾಯುವಂತೆ ಸಹಿ ಹಾಕುತ್ತಿದ್ದರು. ದೊರೆಯ ಮುಖದ ಮೇಲೆ ಒಬ್ಬ ಗುಮಾಸ್ತನ, ಒಬ್ಬ ಮೇಷ್ಟರ, ಒಬ್ಬ ಅಂಗಡಿಕಾರನ ಹೆಸರು ಕನ್ನಡದಲ್ಲಿ ಬಾಗಿ ಬಳುಕಿ ಹೋದ ಇಂಥ ಚೀಟಿಗಳನ್ನು ವ್ಯಾಪಾರಿಗಳು ಪೆಟ್ಟಿಗೆಯ ತಳಕ್ಕೆ ಹಾಕುತ್ತಾರೆ. ಅಂಚೆಯಲ್ಲಿ ಸಾಗಿದ್ದಲ್ಲ, ಆದ್ದರಿಂದ ಬೆಲೆಯಿಲ್ಲ ಎಂಬುದು ಅವರ ನಿಯಮ.

ಆದರೆ ಜಗತ್ತಿನ ಅತ್ಯಂತ ಹೆಸರುವಾಸಿ ಚೀಟಿಯ ಮೇಲೂ ಮಸಿಯ ಗುರುತಿದೆ! ಬ್ರಿಟಿಷ್ ಗಯಾನಾದಲ್ಲಿ 1856ರಲ್ಲಿ ಲಂಡನ್ನಿನಿಂದ ಬರಬೇಕಿದ್ದ ಚೀಟಿಗಳು ತಡವಾದಾಗ ಅಲ್ಲಿನ ಅಂಚೆ ಅಧಿಕಾರಿ ಸ್ಥಳೀಯ ಮುದ್ರಣಾಲಯದಲ್ಲೇ ಅಚ್ಚು ಹಾಕಿಸಿದ. ಖೋಟಾ ಮಾಡುವವರ ಭಯಕ್ಕೆ ಪ್ರತಿ ಚೀಟಿಯ ಮೇಲೂ ಅಂಚೆಮನೆಯ ಗುಮಾಸ್ತರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಬರೆಯಬೇಕೆಂದು ಆಜ್ಞೆಯಾಯಿತು. ಕೆನ್ನೇರಳೆ ಕಾಗದದ ಆ ಒಂದು ಸೆಂಟ್ ಚೀಟಿಯ ಮೇಲೆ ‘ಇ.ಡಿ.ಡಬ್ಲ್ಯು.’ ಎಂಬ ಅಕ್ಷರಗಳು ಇಂದಿಗೂ ಇವೆ. 1873ರಲ್ಲಿ ಅದನ್ನು ಕಂಡುಹಿಡಿದ ಶಾಲಾಹುಡುಗ ಆರು ಶಿಲಿಂಗಿಗೆ ಮಾರಿದ. 2014ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ ಸುಮಾರು 95 ಲಕ್ಷ ಡಾಲರ್ ಬಂತು. ಅಲ್ಲಿ ಗುಮಾಸ್ತನ ಕೈಬರಹ ಸಾಚಾತನದ ಸಾಕ್ಷಿ, ಇಲ್ಲಿ ನಮ್ಮ ಗುಮಾಸ್ತನ ಸಹಿ ಕಲೆ. ಈ ತಾರತಮ್ಯಕ್ಕೆ ರೂಢಿ ಬಿಟ್ಟರೆ ಬೇರೆ ಬಲವಾದ ಕಾರಣ ನನಗೆ ಕಾಣುವುದಿಲ್ಲ. ಗಯಾನಾದ ಚೀಟಿಯನ್ನು ಹೊತ್ತಿದ್ದ ಲಕೋಟೆ ಉಳಿದಿಲ್ಲ. ನಾಲ್ಕೂ ಮೂಲೆ ಕತ್ತರಿಸಿಕೊಂಡು ಅದು ಒಂಟಿಯಾಗಿದೆ.

ಕತ್ತರಿಗೆ ಸಿಕ್ಕದೆ ಉಳಿದ ಲಕೋಟೆ ಏನು ಕೊಡಬಲ್ಲದು ಎಂಬುದಕ್ಕೆ ಮಾರಿಷಸ್‌ನಿಂದ ಮುಂಬಯಿಗೆ ಬಂದ ಒಂದು ಕಾಗದ ಸಾಕ್ಷಿ. 1850ರ ಜನವರಿಯಲ್ಲಿ ಹೊರಟ ಅದರ ಮೇಲೆ 1847ರ ಪ್ರಸಿದ್ಧ ‘ಪೋಸ್ಟ್ ಆಫೀಸ್’ ಮಾಲಿಕೆಯ ಒಂದು ಪೆನ್ನಿ ಚೀಟಿಗಳು ಎರಡಿವೆ. 1897ರಲ್ಲಿ ಭಾರತದ ಬಜಾರೊಂದರಲ್ಲಿ ಅದು ಸಿಕ್ಕಿತು. ಕೊಂಡವನು ಚೀಟಿಗಳನ್ನು ಕೀಳಲಿಲ್ಲ. ಹಾಗಾಗಿ ಅದು ಮುಂಬಯಿಯ ಬೈಬಲ್ ಸಂಘದ ಕಾರ್ಯದರ್ಶಿಗೆ ಬರೆದದ್ದೆಂಬುದು ಗೊತ್ತು, ಎರಡು ಬಂದರುಗಳ ನಡುವೆ ಯಾವ ಬಗೆಯ ವ್ಯವಹಾರವಿತ್ತೆಂಬುದೂ ಗೊತ್ತು. ಕಿತ್ತಿದ್ದರೆ ಎರಡು ಕಿತ್ತಳೆ ಬಣ್ಣದ ಚೂರುಗಳಷ್ಟೇ ಉಳಿಯುತ್ತಿದ್ದವು.

ನಮ್ಮ ನೆಲದ ಲಕೋಟೆಗಳಲ್ಲಿ ಓದಲು ಇನ್ನೂ ಹೆಚ್ಚಿನದಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಸೇರಿಹೋಯಿತು. ಅಲ್ಲಿಯವರೆಗೂ ಅದು ತನ್ನದೊಂದು ಅಂಚೆಚೀಟಿಯನ್ನು ಹೊರಡಿಸಲಿಲ್ಲ. ಚೀಟಿಯನ್ನೇ ದೇವರೆಂದು ನಂಬಿದವರ ಆಲ್ಬಮ್ಮಿನಲ್ಲಿ ಮೈಸೂರು ಅಂಚೆ ಎಂಬುದೇ ಇರಲಾರದು. ಮುದ್ರೆ ಮತ್ತು ಕೈಬರಹ ಇವೆರಡೇ ಅದರ ಗುರುತು.

ಆಮೇಲಿನ ಕಾಲದ ಒಂದು ಸಾಮಾನ್ಯ ಲಕೋಟೆಯನ್ನೇ ನೋಡಿ. ‘ಮ॥ ರಾ॥ ರಾ॥’ ಎಂದು ಶುರುವಾದರೆ ಬರೆದವರು ಪಡೆಯುವವರನ್ನು ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿ ಇಟ್ಟಿದ್ದಾರೆಂಬುದು ತಿಳಿಯುತ್ತದೆ. ‘ಚಿ॥’ ಎಂದರೆ ಕಿರಿಯ, ‘ಸೌ॥’ ಎಂದರೆ ಮುತ್ತೈದೆ. ಉತ್ತರ ಕರ್ನಾಟಕದ ಕಾಗದಗಳಲ್ಲಿ ವಿಧವೆಯ ಹೆಸರಿನ ಮುಂದೆ ಬರೆಯುವ ‘ಗಂ॥ ಭಾ॥’ ಇದ್ದರೆ ಆ ಮನೆಯಲ್ಲಿ ಆಗಿಹೋದ ಸಾವೊಂದನ್ನು ವಿಳಾಸವೇ ಹೇಳಿಬಿಡುತ್ತದೆ. ಕನ್ನಡದಲ್ಲಿ ಬರೆದ ವಿಳಾಸದ ಕೆಳಗೋ ಪಕ್ಕಕ್ಕೋ ಬೇರೊಂದು ಮಸಿಯಲ್ಲಿ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಗೀಚಿದ್ದು ಅಂಚೆಮನೆಯ ಗುಮಾಸ್ತ. ಬೇರೆ ಭಾಷೆಯ ಸೀಮೆಯಲ್ಲಿ ಕನ್ನಡ ಬಾರದವರಿಗೆ ದಾರಿ ತಿಳಿಯಲೆಂದು. ಹೀಗೆ ಒಂದೇ ಲಕೋಟೆಯ ಮೇಲೆ ಮನೆಯವರ ಕೈ, ಕಚೇರಿಯ ಕೈ ಎರಡೂ ಸಿಗುತ್ತವೆ. ವಿಳಾಸದಾರ ಊರು ಬಿಟ್ಟಿದ್ದರೆ ಹೊಸ ವಿಳಾಸ ಬರೆದ ಮೂರನೆಯ ಕೈಯೂ ಸೇರುತ್ತದೆ.

ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೂ ಮುಂಚೆ ಹೊಸಹಳ್ಳಿ, ರಾಮಪುರ ಎಂಬ ಹತ್ತಾರು ಊರುಗಳಲ್ಲಿ ಸರಿಯಾದದ್ದಕ್ಕೆ ಕಾಗದ ಮುಟ್ಟಬೇಕಾದರೆ ತಾಲ್ಲೂಕು, ಹೋಬಳಿ, ವಯಾ ಎಲ್ಲವನ್ನೂ ಬಿಡಿಸಿ ಬರೆಯಬೇಕಿತ್ತು. ಅದನ್ನು ಓದುತ್ತಿದ್ದವರು ಆರ್‌ಎಂಎಸ್‌ನ, ಎಂದರೆ ರೈಲ್ವೆ ಅಂಚೆ ಸೇವೆಯ, ಸಾರ್ಟರುಗಳು. ಓಡುವ ರೈಲಿನಲ್ಲಿ, ರಾತ್ರಿ, ಮಂದ ದೀಪದಡಿ ನಿಂತು ಕಾಗದಗಳನ್ನು ಗೂಡುಗಳಿಗೆ ಎಸೆಯುತ್ತಿದ್ದವರು. ಲಕೋಟೆಯ ಕೈಬರಹಕ್ಕೆ ಬೇರೆಲ್ಲೂ ಸಿಗದ ಗುಣವೊಂದು ಇದರಿಂದ ಬಂತು. ಒಳಗಿನ ಕಾಗದವನ್ನು ಪ್ರೀತಿಯವರಿಗೆಂದು ಆತುರದಲ್ಲಿ, ಅಕ್ಷರಗಳು ಒಂದರ ಮೇಲೊಂದು ಬೀಳುವಂತೆ ಬರೆದ ಮನುಷ್ಯನೇ ವಿಳಾಸಕ್ಕೆ ಬಂದಾಗ ನಿಧಾನಿಸುತ್ತಾನೆ. ತಲೆಕಟ್ಟು ನೇರವಾಗುತ್ತದೆ, ಒತ್ತಕ್ಷರಗಳು ತಮ್ಮ ಜಾಗಕ್ಕೆ ಇಳಿಯುತ್ತವೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ತಗುಲದೆ ನಿಲ್ಲುತ್ತದೆ. ಗುರುತು ಪರಿಚಯವಿಲ್ಲದ ಒಬ್ಬ ನೌಕರನ ಕಣ್ಣಿಗೆ ಕಷ್ಟವಾಗದಿರಲಿ ಎಂಬ ಕಾಳಜಿಯಿಂದ ಹುಟ್ಟಿದ ಅಂದ ಅದು. ನನ್ನ ಮಟ್ಟಿಗೆ ಲಕೋಟೆಯ ಸೌಂದರ್ಯಕ್ಕೆ ಇದೇ ಅಳತೆಗೋಲು.

ಕೈಬರಹದ ಸಂಗ್ರಾಹಕರ ಅಳತೆಗೋಲು ಬೇರೆಯೇ ಇದೆ. ದಪ್ಪ ಗೆರೆ, ತೆಳು ಗೆರೆಗಳ ಕಾಪರ್‌ಪ್ಲೇಟ್ ಇಂಗ್ಲಿಷ್ ಬರಹಕ್ಕೆ ಅವರು ಮೊದಲು ಮಣೆ ಹಾಕುತ್ತಾರೆ. ಅದು ಚೆಂದವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೊನೆ ಚೂಪಾದ ಉಕ್ಕಿನ ನಿಬ್ಬಿನಲ್ಲಿ ದುಂಡಗಿನ ಕನ್ನಡ ಅಕ್ಷರ ಬರೆಯುವುದು ಅದಕ್ಕಿಂತ ಕಷ್ಟದ ಕೆಲಸ, ಏಕೆಂದರೆ ಮೇಲ್ಮುಖವಾಗಿ ತಿರುಗುವಾಗ ನಿಬ್ಬು ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಆ ಕಷ್ಟ ಗೆದ್ದ ಕೈಗಳು ನಮ್ಮಲ್ಲಿ ಬೇಕಾದಷ್ಟಿದ್ದವು: ಶಾನುಭೋಗರು, ಶಾಲಾ ಮೇಷ್ಟರು, ಅಂಚೆಕಚೇರಿಯ ಎದುರು ಕೂತು ಅಕ್ಷರ ಬಾರದವರ ಸುದ್ದಿಯನ್ನು ಕಾಗದಕ್ಕಿಳಿಸುತ್ತಿದ್ದವರು. ಈ ಕೊನೆಯವರ ಬರಹ ಎಷ್ಟೋ ಮನೆಗಳ ಕಾಗದಗಳಲ್ಲಿದೆ, ಅವರ ಹೆಸರು ಯಾವುದರಲ್ಲೂ ಇಲ್ಲ. ಆಗಷ್ಟೇ ಅಕ್ಷರ ಕಲಿತ ತಾಯಿಯೊಬ್ಬಳು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಅದರ ಮೇಲೆ ಮಗನ ಹಾಸ್ಟೆಲಿನ ವಿಳಾಸ ಕೂರಿಸಿದ ಲಕೋಟೆಯನ್ನು ಕಾಪರ್‌ಪ್ಲೇಟಿನ ಪಕ್ಕದಲ್ಲಿಡಲು ಹಿಂಜರಿಯುವ ಸಂಗ್ರಹ ನನಗೆ ಅಪೂರ್ಣವೆನಿಸುತ್ತದೆ.

ಇನ್ನು ಹಾನಿಯ ಮಾತು. ಚೆಂದದ ಬರಹದ ಮೋಹ ಹೆಚ್ಚಿದಂತೆ ಹಳೆಯ ಲಕೋಟೆ, ಕಾಗದಗಳನ್ನು ಕತ್ತರಿಸಿ ಅಲಂಕಾರದ ಪುಸ್ತಕಗಳಿಗೆ ಅಂಟಿಸುವ ಅಭ್ಯಾಸ ಬೆಳೆದಿದೆ. ಚೀಟಿಗಾಗಿ ಅಕ್ಷರ ಎಸೆದವರಿಗೂ ಅಕ್ಷರಕ್ಕಾಗಿ ಲಕೋಟೆ ಹರಿಯುವವರಿಗೂ ನಾನು ಭೇದ ಕಾಣೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿ ಒಂದೇ ಮನೆತನದ ಕಾಗದದ ಕಟ್ಟನ್ನು ಬಿಚ್ಚಿ, ಲಕೋಟೆಗಳನ್ನು ಒಬ್ಬರಿಗೆ, ಒಳಗಿನ ಕಾಗದಗಳನ್ನು ರದ್ದಿಗೆ ಕೊಡುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ದುಡ್ಡು, ನಿಜ. ಕಟ್ಟು ಒಮ್ಮೆ ಒಡೆದರೆ ಯಾರು ಯಾರಿಗೆ ಏನಾಗಬೇಕೆಂಬ ಸರಣಿಯನ್ನು ಮತ್ತೆ ಯಾರೂ ಜೋಡಿಸಲಾರರು. ಇನ್ನೊಬ್ಬರ ಮನೆಯ ಮಾತು ಕೈಗೆ ಬಂದಾಗ ಮರ್ಯಾದೆಯ ಪ್ರಶ್ನೆಯೂ ಇದೆ: ವಿಳಾಸವನ್ನು ಪ್ರದರ್ಶಿಸಬಹುದು, ಬದುಕಿರುವವರ ಮನೆಯ ಸುದ್ದಿಯನ್ನು ಗೋಡೆಗೆ ತೂಗುಹಾಕಬಾರದು.

ವಿಳಾಸವೇ ಇಲ್ಲದ, ಅಚ್ಚುಕಟ್ಟಾದ ಪ್ರಥಮ ದಿನದ ಲಕೋಟೆಗಳ ಬಗ್ಗೆ ಹೆಚ್ಚು ಹೇಳಲಾರೆ. ಎಲ್ಲಿಗೂ ಹೋಗದ ಲಕೋಟೆ ಅಚ್ಚಿನ ಒಂದು ಮಾದರಿ, ಅಷ್ಟೇ.

ಕೈಬರಹದ ಸಂಗ್ರಹವನ್ನು ಗಂಭೀರ ಕೆಲಸವಾಗಿ ಒಪ್ಪಲು ಈಗ ತಡಮಾಡಬಾರದು. ಪ್ರದರ್ಶನ ನಡೆಸುವವರು ಲಿಪಿ, ಬರಹದ ಸಲಕರಣೆ, ವಿಳಾಸದ ಒಕ್ಕಣೆ ಇವುಗಳ ಅಧ್ಯಯನಕ್ಕೆ ಬೇರೆಯೇ ಅಂಕವಿಡಲಿ. ಕರ್ನಾಟಕದಲ್ಲಿ ಶುರುವಾದರೆ ಉಳಿದವರೂ ನೋಡಿ ಕಲಿತಾರು. ಮನೆಯ ಅಟ್ಟದಲ್ಲಿ ಕಾಗದದ ಟ್ರಂಕು ಇರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಚೀಟಿ ಕೀಳಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಅಗ್ಗದ ಪಿವಿಸಿ ಹಾಳೆಗಳಿಂದ ದೂರವಿಡಿ, ಅವು ಕಾಲಕ್ರಮದಲ್ಲಿ ಮಸಿಯನ್ನೂ ಕಾಗದವನ್ನೂ ಕೆಡಿಸುತ್ತವೆ. ಬರೆದವರು ಯಾರು, ಪಡೆದವರು ಯಾರು ಎಂಬುದನ್ನು ಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಕೇಳಿ, ಬೇರೊಂದು ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ಕಟ್ಟಿನ ಜೊತೆಗಿಡಿ. ಒಳಗಿನ ಕಾಗದವನ್ನು ಅದರದೇ ಲಕೋಟೆಯೊಂದಿಗೆ ಇರಲು ಬಿಡಿ.